ಝಾನ್ಸಿಯಲ್ಲಿ ಕಂಡೆನ್ಸರ್ ಹೋಯ್ತು

ಜಯನಗರ, ಬಸವನಗುಡಿ, ಮೈಸೂರಿನ ಸರಸ್ವತಿಪುರಂ ಹೀಗೆ ಹಳೇ ಮನೆಗಳು ಇನ್ನೂ ಅಪಾರ್ಟ್‌ಮೆಂಟ್ ಆಗದೆ ಉಳಿದಿರುವ ಯಾವ ಬಡಾವಣೆಗೆ ಹೋದರೂ ಅಲ್ಲೊಬ್ಬರು ಫಿಯಟ್ ಮಾವ ಇದ್ದೇ ಇರುತ್ತಾರೆ. ಬೆಳಿಗ್ಗೆ ಏಳಕ್ಕೆ ಅವರ ತಲೆ ಬಾನೆಟ್ಟಿನ ಒಳಗೆ, ಮಿಕ್ಕಿದ್ದೆಲ್ಲ ಹೊರಗೆ. ಹಾಲಿನವರು, ಪೇಪರಿನ ಹುಡುಗರು ಅವರ ಮುಖ ನೋಡಿದ್ದು ಕಡಿಮೆ. ಬೆನ್ನಿಗೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ನನ್ನ ಸೋದರಮಾವನೂ ಈ ಜಾತಿಯವರೇ. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ಎಷ್ಟು ಅವರದ್ದು, ಎಷ್ಟು ನಿಮ್ಮ ಮಾವನದ್ದು ಎಂದು ವಿಂಗಡಿಸಲು ಹೋಗಬೇಡಿ.

ಗಾಡಿ 1967ರ ಫಿಯಟ್ 1100 ಡಿಲೈಟ್. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದುಗಡೆ ಸೋಫಾದಂಥ ಒಂದೇ ಉದ್ದ ಸೀಟು. ಇದೇ ಕಾರಿಗೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಆದರೆ ಮಾವನ ಎದುರಿಗೆ ಅದನ್ನು ಪದ್ಮಿನಿ ಎಂದವರಿಗೆ ಎರಡನೇ ಸಲ ಕಾಫಿ ಸಿಗುವುದಿಲ್ಲ. ಪರ್ಮಿಟ್ಟಿನ ಕಾಲದಲ್ಲಿ ಅವರಪ್ಪ ಹೆಸರು ಬರೆಸಿ, ವರ್ಷಗಟ್ಟಲೆ ಕಾದು ತಂದ ಗಾಡಿ ಅದು. ಅಷ್ಟು ಕಾದು ತಂದದ್ದನ್ನು ತರಕಾರಿ ತರಲು ಓಡಿಸಿದರೆ ಅವಮಾನವಲ್ಲವೇ? ಹಾಗಾಗಿ ತರಕಾರಿಗೆ ಆಟೋ. ಫಿಯಟ್ಟು ಹೊರಡುವುದು ವರ್ಷಕ್ಕೊಮ್ಮೆ 'ಲಾಂಗ್' ಹೊಡೆಯಲು. ಲಾಂಗ್ ಎಂದರೆ ಕಡಿಮೆಯೆಂದರೂ ನಾಗಪುರ ದಾಟಬೇಕು.

ಫಿಯಟ್ ಮಾವನ ಭಾರತದ ಭೂಪಟವೇ ಬೇರೆ. ನಮಗೆಲ್ಲ ಊರುಗಳು ದೇವಸ್ಥಾನದಿಂದಲೋ ತಿಂಡಿಯಿಂದಲೋ ನೆನಪಿರುತ್ತವೆ. ಅವರಿಗೆ ಊರು ನೆನಪಿರಬೇಕಾದರೆ ಅಲ್ಲಿ ಗಾಡಿ ನಿಂತಿರಬೇಕು. ಬೆಂಗಳೂರು ಬಿಟ್ಟು ಹೈದರಾಬಾದ್, ನಾಗಪುರ, ಸಾಗರ್, ಝಾನ್ಸಿ, ಗ್ವಾಲಿಯರ್, ಆಗ್ರಾ ಹಾದು ದೆಹಲಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಅವರ ಪಾಲಿಗೆ ಒಂದು ರಿಪೇರಿ ಪಟ್ಟಿ.

"ಝಾನ್ಸಿಗೆ ಹೋಗಿದ್ರಲ್ಲ ಮಾವ, ಲಕ್ಷ್ಮೀಬಾಯಿ ಕೋಟೆ ನೋಡಿದ್ರಾ?"

"ಕೋಟೆ ಇತ್ತು. ಅದರ ಎದುರಿಗೇ ಕಂಡೆನ್ಸರ್ ಹೋಯ್ತು."

ಸಾಗರ್ ಎಂದರೆ ಫ್ಯಾನ್ ಬೆಲ್ಟು. ಕರ್ನೂಲು ಎಂದರೆ ಪಾಯಿಂಟ್ ಅಂಟಿಕೊಂಡಿದ್ದು. ನಾಗಪುರ ದಾಟಿದ ಮೇಲೆ ಪೆಂಚ್ ಕಾಡಿನ ಹತ್ತಿರ ಹೆದ್ದಾರಿಯನ್ನೇ ಮೇಲೆತ್ತಿ, ಹುಲಿ ಜಿಂಕೆಗಳು ಅಡಿಯಲ್ಲಿ ಹಾದುಹೋಗಲೆಂದು ಉದ್ದುದ್ದ ದಾರಿ ಬಿಟ್ಟಿದ್ದಾರೆ. ಜನ ಅಲ್ಲಿ ವೇಗ ತಗ್ಗಿಸಿ ಕಣ್ಣರಳಿಸಿಕೊಂಡು ಹೋಗುತ್ತಾರೆ. ಮಾವ ಅಲ್ಲಿ ಕಿವಿ ಅರಳಿಸಿದ್ದರಂತೆ, ಟ್ಯಾಪೆಟ್ ಸದ್ದು ಸ್ವಲ್ಪ ಜಾಸ್ತಿ ಇತ್ತು ಎಂದು. ಆಗ್ರಾದಲ್ಲಿ ಸೈಲೆನ್ಸರಿಗೆ ವೆಲ್ಡಿಂಗು. ಅತ್ತೆ ಒಬ್ಬರೇ ಆಟೋ ಮಾಡಿಕೊಂಡು ತಾಜ್ ಮಹಲ್ ನೋಡಿಬಂದರು. ಹೇಗಿತ್ತು ಎಂದು ಕೇಳಿದ್ದಕ್ಕೆ, "ಷಹಜಹಾನ್ ಪರವಾಗಿಲ್ಲ ಕಣೋ, ಸತ್ತ ಮೇಲಾದ್ರೂ ಹೆಂಡ್ತಿ ಕಡೆ ಗಮನ ಕೊಟ್ಟ" ಎಂದರು.

ಮಗ ಒಮ್ಮೆ ತನ್ನ ಹೊಸ ಕಾರಿನಲ್ಲಿ ಇಬ್ಬರನ್ನೂ ಅದೇ ದಾರಿಯಲ್ಲಿ ದೆಹಲಿವರೆಗೆ ಕರೆದೊಯ್ದ. ಆ ಪ್ರವಾಸದ ಬಗ್ಗೆ ಮಾವ ಆಡಿದ್ದು ಎರಡೇ ಮಾತು: "ಹೋದ್ವಿ. ಬಂದ್ವಿ."

ಲಾಂಗ್ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಅರಿಶಿನಕ್ಕಾಗಿ ಜಗಳ ನಡೆಯುತ್ತದೆ. ರೇಡಿಯೇಟರ್ ಸಣ್ಣಗೆ ಸೋರಿದರೆ ನೀರಿನ ಜೊತೆ ಅರಿಶಿನದ ಪುಡಿ ಹಾಕುವುದು ನಮ್ಮ ದೇಶದ ಡ್ರೈವರುಗಳ ಹಳೇ ವಿದ್ಯೆ. ಪುಡಿ ತೂತಿಗೆ ಹೋಗಿ ಕೂತು, ಮುಂದಿನ ಊರಿನ ತನಕ ಮಾನ ಕಾಪಾಡುತ್ತದೆ. ಪೆಟ್ರೋಲ್ ಟ್ಯಾಂಕು ಜಿನುಗಿದರೆ ಬಟ್ಟೆ ಸೋಪು ಉಜ್ಜಬೇಕು. ಹೀಗೆ ಡಬ್ಬಿಯಲ್ಲಿದ್ದ ಅರಿಶಿನ, ಬಚ್ಚಲಿನ ಸೋಪು ಎರಡೂ ಡಿಕ್ಕಿ ಸೇರುತ್ತವೆ. ಜೊತೆಗೆ ಒಂದು ಒದ್ದೆ ಪಂಚೆ. ಬಿಸಿಲಲ್ಲಿ ಏರು ಹತ್ತುವಾಗ ಎಂಜಿನ್ನಿನ ಕಾವಿಗೆ ಪಂಪಿನಲ್ಲಿರುವ ಪೆಟ್ರೋಲು ಆವಿಯಾಗಿಬಿಡುತ್ತದೆ. ಆವಿಯನ್ನು ಎಳೆದು ನೂಕುವ ಶಕ್ತಿ ಆ ಬಡ ಪಂಪಿಗಿಲ್ಲ, ಗಾಡಿ ಗಕ್ಕನೆ ನಿಲ್ಲುತ್ತದೆ. ಆಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮರದ ಕೆಳಗೆ ಕೂರಬೇಕು. ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಹಾಕುವಂತೆ ಮಾವ ಗಳಿಗೆಗೊಮ್ಮೆ ಅದನ್ನು ಬದಲಾಯಿಸುತ್ತಾರೆ. ಅವರ ಮಕ್ಕಳಿಗೆ ಜ್ವರ ಬಂದಾಗ ಬಟ್ಟೆ ಹಾಕಿದ್ದು ಯಾರು ಎಂದು ಅತ್ತೆ ಕೇಳುವುದೂ ಆ ಮರದ ಕೆಳಗೇ.

ಇವರಿಗೊಂದು ಗುರುಪರಂಪರೆಯೂ ಇದೆ. 1907ರಲ್ಲಿ ಪೀಕಿಂಗ್‌ನಿಂದ ಪ್ಯಾರಿಸ್‌ಗೆ ಐದು ಗಾಡಿಗಳು ಹೊರಟವು. ಇಟಲಿಯ ರಾಜಕುಮಾರ ಬೋರ್ಗೀಸ್ ದೊಡ್ಡ ಇಟಾಲಾ ಕಾರಿನಲ್ಲಿ ಎರಡು ತಿಂಗಳಿಗೆ ಪ್ಯಾರಿಸ್ ಮುಟ್ಟಿ ಗೆದ್ದ. ನಡುವೆ ಔತಣವೊಂದಕ್ಕಾಗಿ ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಸುತ್ತು ಹೊಡೆದು ಬರುವಷ್ಟು ಪುರುಸೊತ್ತೂ ಅವನಿಗಿತ್ತು. ಮಾವನಿಗೆ ಅವನ ಮೇಲೆ ಲಕ್ಷ್ಯವಿಲ್ಲ. ಅವರ ಭಕ್ತಿಯೆಲ್ಲ ಆಗುಸ್ಟ್ ಪಾನ್ಸ್ ಎಂಬ ಫ್ರೆಂಚನ ಮೇಲೆ. ಆತ ಕಾಂಟಾಲ್ ಎಂಬ ಮೂರು ಚಕ್ರದ ಪುಟ್ಟ ಗಾಡಿ ಹತ್ತಿ ಹೊರಟು, ಗೋಬಿ ಮರುಭೂಮಿಯಲ್ಲಿ ಪೆಟ್ರೋಲು ಮುಗಿದು, ಗಾಡಿಯನ್ನು ಅಲ್ಲೇ ಬಿಟ್ಟು, ಬಾಯಾರಿ ಸಾಯುವ ಸ್ಥಿತಿ ತಲುಪಿದವನು. "ಗೆದ್ದೋನು ಯಾರು ಬೇಕಾದ್ರೂ ಗೆಲ್ತಾನೆ. ಆಟೋರಿಕ್ಷಾ ಥರದ್ದನ್ನ ಗೋಬಿಗೆ ತಗೊಂಡು ಹೋಗೋಕೆ ಎದೆ ಬೇಕು" ಎಂಬುದು ಮಾವನ ತೀರ್ಪು. ಬುದ್ಧಿಯ ವಿಷಯ ಅವರು ಎತ್ತುವುದಿಲ್ಲ.

ಎರಡನೇ ಗುರುಗಳು 1958ರಲ್ಲಿ ಸಿಟ್ರನ್ 2ಸಿವಿ ಎಂಬ ತಗಡು ಡಬ್ಬಿಯಂಥ ಕಾರಿನಲ್ಲಿ ಪ್ರಪಂಚ ಸುತ್ತಲು ಹೊರಟ ಸೆಗೆಲಾ ಮತ್ತು ಬೋದೋ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಗೇರ್ ಬಾಕ್ಸಿನ ಎಣ್ಣೆ ಖಾಲಿಯಾದಾಗ, ಈ ಮಹಾನುಭಾವರು ಬಾಳೆಹಣ್ಣು ಸುಲಿದು ಗೇರ್ ಬಾಕ್ಸಿಗೆ ತುಂಬಿ ಗಾಡಿ ಓಡಿಸಿದರು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಎಲೆಯ ತುದಿಗೆ ಬಾಳೆಹಣ್ಣು ಬಿದ್ದ ತಕ್ಷಣ, ಮಾವ ಈ ಕಥೆಯನ್ನು ಅಕ್ಕಪಕ್ಕದವರಿಗೆ ಹೇಳುತ್ತಾರೆ. ಎಲ್ಲರೂ ಬೆರಗಾಗುತ್ತಾರೆ. ಅತ್ತೆ ಮಾತ್ರ ಒಮ್ಮೆ ಕೇಳಿದರು: "ಯಾವ ಬಾಳೆ? ಏಲಕ್ಕಿನೋ ಪಚ್ಚಬಾಳೇನೋ?" ಮಾವನಿಗೆ ಉತ್ತರ ತಿಳಿದಿರಲಿಲ್ಲ. ಪಾಯಸ ಬಂದರೂ ಗಮನಿಸಲಿಲ್ಲ. ಅಂದಿನಿಂದ ಲಾಂಗ್ ಹೊರಟಾಗ ಎರಡೂ ಜಾತಿಯ ಚಿಪ್ಪು ಹಿಂದಿನ ಸೀಟಿನಲ್ಲಿ ಇರುತ್ತವೆ.

ಬಿಡಿ ಭಾಗಗಳದ್ದು ಇನ್ನೊಂದು ಪುರಾಣ. ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ ಇವರಿಗೆ ತವರು. ಆದರೂ ದೊಡ್ಡ ಆಸರೆ ಮುಂಬಯಿಯಾಗಿತ್ತು. ಫಿಯಟ್ ಹುಟ್ಟಿದ್ದೇ ಅಲ್ಲಿನ ಕುರ್ಲಾದ ಕಾರ್ಖಾನೆಯಲ್ಲಿ, ಕೊನೆಯವರೆಗೆ ಬದುಕಿದ್ದು ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಯಾಗಿ. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಪ್ಪತ್ತು ವರ್ಷದ ಮಿತಿ ಮುಗಿಸಿ ರಸ್ತೆ ಬಿಟ್ಟಿತು. ಆ ಸುದ್ದಿ ಓದಿದ ದಿನ ಮಾವ ರಾತ್ರಿ ಊಟ ಮಾಡಲಿಲ್ಲ. ಬೆಳಗಾಗುತ್ತಲೇ ಮುಂಬಯಿಗೆ ಫೋನ್ ಹಚ್ಚಿದರು. ದುಃಖ ಹಾಗೇ ಇತ್ತು, ಆದರೆ ನಾಲ್ಕು ಡೋರ್ ಹ್ಯಾಂಡಲ್ಲು, ಒಂದು ಡೈನಮೊ ಸಿಕ್ಕವು.

ಈಗ ಉಳಿದಿರುವ ಆಸೆ ಖರ್ದುಂಗ್ ಲಾ. ಅಲ್ಲಿ ಬಹುಕಾಲ ಇದ್ದ ಫಲಕದಲ್ಲಿ ಎತ್ತರ 18,380 ಅಡಿ ಎಂದು ಬರೆದಿತ್ತು. ಉಪಕರಣ ಹಿಡಿದು ಅಳೆದವರು 17,582 ಎನ್ನುತ್ತಾರೆ. ಮಾವ ಇನ್ನೂ ಫಲಕದ ಪಕ್ಷ. ಅಷ್ಟು ಮೇಲೆ ಗಾಳಿ ತೆಳು. ಕಾರ್ಬೊರೇಟರು ಮಾತ್ರ ಬೆಂಗಳೂರಿನ ಅಭ್ಯಾಸದಲ್ಲೇ ಪೆಟ್ರೋಲು ಸುರಿಯುತ್ತದೆ. ಕಪ್ಪು ಹೊಗೆ ಕಾರುತ್ತಾ ಗಾಡಿ ಏದುಸಿರು ಬಿಡುತ್ತದೆ. ಚಿಕ್ಕ ಜೆಟ್ ಹಾಕಿದರೆ ಸರಿಹೋಗುತ್ತದೆ ಎಂದು ಮಾವ ಲೆಕ್ಕ ಬಿಡಿಸಿ ತೋರಿಸಿದರು. "ಗಾಡಿಗೆ ಚಿಕ್ಕ ಜೆಟ್ ಸರಿ, ನಿಮ್ಮ ಬಿಪಿಗೆ?" ಎಂದು ಅತ್ತೆ ಕೇಳಿದ್ದಕ್ಕೆ ಲೆಕ್ಕದ ಹಾಳೆಯಲ್ಲಿ ಜಾಗ ಇರಲಿಲ್ಲ.

ಈ ನಡುವೆ ನಾನೊಂದು ಹೊಸ ವಿಷಯ ತಗೊಂಡು ಹೋದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಎಂದು ಬೇರೆಯೇ ನಿಯಮ ಮಾಡಿದೆ. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ನಂಬರ್ ಪ್ಲೇಟಿನ ಮೇಲೆ 'ವಿಎ' ಎಂಬ ಅಕ್ಷರ, ಹತ್ತು ವರ್ಷ ನಿಶ್ಚಿಂತೆ. ಮಾವನ ಕಣ್ಣು ಹೊಳೆಯಿತು. ಆಮೇಲೆ ಷರತ್ತು ಓದಿ ಹೇಳಿದೆ: ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ತುಂಬಿಸುವುದು ಮತ್ತು ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು.

"ಹಾಗಾದ್ರೆ ಲಾಂಗ್?" ಮಾವನ ದನಿ ಇಳಿಯಿತು.

ಹುರಳೀಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಯಾಕೆ ಬೇಜಾರು? ರಿಪೇರಿಗೆ ಅಂತ ತಗೊಂಡು ಹೋಗಬಹುದು ಅಂದ್ನಲ್ಲ. ನೀವು ಝಾನ್ಸಿಗೆ ಹೋಗಿದ್ದೂ ಅದಕ್ಕೇ ತಾನೆ?"

ಮಾವ ಏನೂ ಹೇಳದೆ ಎದ್ದು ಪೋರ್ಟಿಕೋಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆ. ಮರುದಿನ ಬೆಳಿಗ್ಗೆ ಆರಕ್ಕೇ ಫೋನ್ ಬಂತು. "ಲೋ, ಆ ನಮೂನೆ 20 ಅಂತ ಇರುತ್ತಲ್ಲ, ಅದನ್ನ ಪ್ರಿಂಟ್ ಹಾಕ್ಸಿ ತಾ. ಹಾಗೇ ಆ ರಿಪೇರಿ ಅಂತ ಬರೆದಿರೋ ನಿಯಮದ್ದೂ ಒಂದು ಕಾಪಿ. ಹಿಂದೀಲಿ ಸಿಗುತ್ತಾ ನೋಡು. ಝಾನ್ಸಿ ಪೊಲೀಸ್ರಿಗೆ ಇಂಗ್ಲಿಷ್‌ನಲ್ಲಿ ಎಷ್ಟು ಅಂತ ವಿವರಿಸ್ಲಿ?"