ಮಿಸ್ಸಿಸಾಗಾ ಸೆಕ್ಷನ್ ಆಫೀಸು

ಮಗಳ ಓದು ಹಾಳಾಗುತ್ತದೆಂದು ಮಿಸ್ಸಿಸಾಗಾದ ನಮ್ಮ ಮನೆಗೆ ಟಿವಿ ತಂದಿಲ್ಲ. 32 ಇಂಚಿನ ಮಾನಿಟರ್ ತಂದಿದ್ದೇವೆ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮನೆಯವರು ಬಂದವರಿಗೆಲ್ಲ ಬಿಡಿಸಿ ಹೇಳುತ್ತಾರೆ. ಬಂದವರು ಹೌದು ಹೌದೆಂದು ತಲೆಯಾಡಿಸಿ, ಆಮೇಲೆ ಅದರಲ್ಲೇ ಕ್ರಿಕೆಟ್ ಹಾಕಿಸಿಕೊಂಡು ನೋಡುತ್ತಾರೆ.

ಈ ಮಾನಿಟರನ್ನು ನಡೆಸುವುದು ಮನೆಯ ಹಳೆಯ ಲ್ಯಾಪ್‌ಟಾಪು. ಶನಿವಾರ ಮಗಳ ಕನ್ನಡ ತರಗತಿ, ಭಾನುವಾರ ಊರಿನ ಬಂಧುಬಳಗದ ದರ್ಶನ, ಹಬ್ಬ ಹರಿದಿನಗಳಲ್ಲಿ ಸಾಗರದಲ್ಲಿ ಕೂತ ಭಟ್ಟರಿಂದ ಇಲ್ಲಿಯ ದೇವರಿಗೆ ಮಂತ್ರ, ಎಲ್ಲವೂ ಬೇಸ್‌ಮೆಂಟಿನ ಆ ಮೂಲೆಯಲ್ಲೇ. ಅಪ್ಪ ಅಮ್ಮ ಕೆನಡಾದ ಸೂಪರ್ ವೀಸಾದಲ್ಲಿ ಬಂದಿಳಿದ ಮೇಲೆ ಇವೆಲ್ಲ ಹಿಂದೆ ಸರಿದು ಬೆಳಗಿನ 9 ಗಂಟೆ ಮುಂದೆ ಬಂತು. (ಒಮ್ಮೆ ಬಂದರೆ 5 ವರ್ಷ ಇರಬಹುದಂತೆ ಎಂದು ಹೇಳಿದಾಗ ನಮ್ಮ ಮನೆಯವರ ಮುಖದಲ್ಲಿ ಹಾದುಹೋದದ್ದು ಸಂತೋಷವೇ ಎಂದು ನಾನು ಈಗಲೂ ನಂಬಿದ್ದೇನೆ.) ಊರಿನಲ್ಲಿ ಸಂಜೆ ಏಳೂವರೆಗೆ ಬರುವ ಧಾರಾವಾಹಿ ಇಲ್ಲಿ ಬೆಳಿಗ್ಗೆ 9ಕ್ಕೆ. ಚಳಿಗಾಲಕ್ಕೆ ಮೊದಲು 10ಕ್ಕೆ ಬರುತ್ತಿತ್ತು. ನವೆಂಬರಿನಲ್ಲಿ ಇಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟರು. "ಅವರ ಗಡಿಯಾರ ಅವರು ತಿರುಗಿಸಿಕೊಳ್ಳಲಿ ಮಾರಾಯ್ತಿ, ನನ್ನ ಸೀರಿಯಲ್ ಯಾಕೆ ತಿರುಗಿಸಬೇಕು?" ಎಂದು ಅಮ್ಮ ಕೇಳಿದ್ದಕ್ಕೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಇನ್ನು ನಮ್ಮ ಮನೆಯವರ ವಿಷಯ. ಇಂಜಿನಿಯರಿಂಗ್ ಓದುವಾಗ ಲಿನಕ್ಸ್ ಸಿಡಿಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸಿಕೊಡುವ ಒಂದು ಕಾಲವಿತ್ತು. ಹಾಗೆ ಬಂದ ಸಿಡಿಯ ಋಣವನ್ನು ಇವರು ಇಂದಿಗೂ ತೀರಿಸುತ್ತಿದ್ದಾರೆ. ಮನೆಯ ಲ್ಯಾಪ್‌ಟಾಪಿಗೆ ಲಿನಕ್ಸೇ ಆಗಬೇಕು, ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದ ಕೂಡಲೇ ಅದಕ್ಕೆ ಏರಲೇಬೇಕು. ಇರುವುದು ಸರಿಯಾಗೇ ಇದೆಯಲ್ಲ ಎಂದರೆ, ಸರಿಯಾಗಿರುವಾಗಲೇ ಅಪ್‌ಗ್ರೇಡ್ ಮಾಡಬೇಕು ಎನ್ನುತ್ತಾರೆ. ಸಂಕ್ರಾಂತಿಯ ವಾರ ಗುರುವಾರ ರಾತ್ರಿ ಆ ಘಳಿಗೆ ಕೂಡಿಬಂತು. ನಡುವೆ ಅದು ಏನೇನೋ ಕೇಳಿತು, ಇವರು ಏನೇನೋ ಟೈಪ್ ಮಾಡಿದರು. ಕೊನೆಗೆ "ಇನ್ನು ಅದೇ ರೀಸ್ಟಾರ್ಟ್ ಆಗುತ್ತೆ, ಯಾರೂ ಏನೂ ಮುಟ್ಟಬೇಡಿ" ಎಂದು ಅಪ್ಪಣೆ ಕೊಟ್ಟು, ಬಾಗಿಲ ಮುಂದಿನ ಹಿಮ ಎತ್ತಿಹಾಕಲು ಸಲಿಕೆ ಹಿಡಿದು ಹೊರಟರು.

ಶುಕ್ರವಾರ ಬೆಳಿಗ್ಗೆ 9 ಗಂಟೆ. ಹೊರಗೆ ಮೈನಸ್ 15. ಒಳಗೆ ಅಮ್ಮ ಕಾಫಿ ಲೋಟ ಹಿಡಿದು ಕೂತಾಗಿದೆ. ಲ್ಯಾಪ್‌ಟಾಪಿನ ಸ್ವಂತ ಪರದೆ ಝಗಮಗ ಬೆಳಗುತ್ತಿದೆ, ಮಾನಿಟರಿನಲ್ಲಿ ಮಾತ್ರ 'ನೋ ಸಿಗ್ನಲ್' ಎಂಬ ಎರಡು ಪದ ಈ ಮೂಲೆಯಿಂದ ಆ ಮೂಲೆಗೆ ವಾಕಿಂಗ್ ಮಾಡುತ್ತಿವೆ.

"ಇವತ್ತೊಂದಿನ ಲ್ಯಾಪ್‌ಟಾಪಿನಲ್ಲೇ ನೋಡಿಬಿಡಿ ಅತ್ತೆ."

"ಅಷ್ಟು ಸಣ್ಣದರಲ್ಲಿ ಯಾರು ಅಳ್ತಿದಾರೆ, ಯಾರು ಅಳೋ ಹಾಗೆ ಮಾಡ್ತಿದಾರೆ ಅಂತಲೇ ತಿಳಿಯಲ್ಲ."

ಹೊರದೇಶದ ಕನ್ನಡಿಗರ ಮನೆಯಲ್ಲಿ ಎಂದೂ ಊರಿಗೆ ಹೋಗದ ಒಂದು ಸೂಟ್‌ಕೇಸ್ ಇರುತ್ತದೆ. ಅದರ ತುಂಬ ಕೇಬಲ್ಲು. ನಮ್ಮದನ್ನು ಕಾರ್ಪೆಟ್ಟಿನ ಮೇಲೆ ಸುರಿದಾಗ ಮಾನಿಟರ್ ಕೇಬಲ್ಲಿನ ಇಡೀ ವಂಶಾವಳಿ ಹೊರಬಿತ್ತು. 1987ರಲ್ಲಿ ಬಂದ ವಿಜಿಎ, 15 ಪಿನ್ನು. 2002ರ ಎಚ್‌ಡಿಎಂಐ, 19. 2014ರ ಯುಎಸ್‌ಬಿ-ಸಿ, 24. ಅಪ್ಪ ಭೂತಗನ್ನಡಿ ಹಿಡಿದು ಒಂದೊಂದನ್ನೂ ಎಣಿಸಿ, "ವರ್ಷ ಹೋದ ಹಾಗೆ ಪಿನ್ನು ಜಾಸ್ತಿಯಾಗಿದೆ, ಚಿತ್ರ ಮಾತ್ರ ಬರ್ತಿಲ್ಲ" ಎಂದು ವರದಿ ಒಪ್ಪಿಸಿದರು. ಮಗಳು ಫೋನ್ ಚಾರ್ಜರಿನ ಕೇಬಲ್ ತಂದು ಸಿಕ್ಕಿಸಿದಳು. ಎರಡೂ ಕಡೆ ಅಚ್ಚುಕಟ್ಟಾಗಿ ಕೂತಿತು, ಏನೂ ಆಗಲಿಲ್ಲ. ಯುಎಸ್‌ಬಿ-ಸಿಯ ಹಣೆಬರಹವೇ ಅದು. ಬಾಯಿ ಎಲ್ಲದಕ್ಕೂ ಒಂದೇ, ಹೊಟ್ಟೆಯೊಳಗಿನ ತಂತಿ ಬೇರೆ ಬೇರೆ. ಚಾರ್ಜಿಗೆಂದು ಕೊಡುವ ಎಷ್ಟೋ ಕೇಬಲ್ಲುಗಳಲ್ಲಿ ಚಿತ್ರ ಸಾಗಿಸುವ ತಂತಿಗಳನ್ನೇ ಹಾಕಿರುವುದಿಲ್ಲ. ಕೇಬಲ್ ಒಳ್ಳೆಯದಿದ್ದರೂ ಲ್ಯಾಪ್‌ಟಾಪಿನ ಆ ಕಿಂಡಿಗೆ ಚಿತ್ರ ಕಳಿಸುವ ಯೋಗ್ಯತೆ ಇದ್ದೇ ಇರುತ್ತದೆಂದು ಹೇಳುವಂತಿಲ್ಲ.

ಅಪ್ಪ ಯಾರೆಂದು ಇಲ್ಲಿ ಹೇಳಬೇಕು. ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಇಳಿದು, ಮೇಲ್ವಿಚಾರಕರಾಗಿ ನಿವೃತ್ತರಾದವರು. ಅವರ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಒಡೆದು ನಮ್ಮ ಕಡೆಗೆಲ್ಲ ಮೆಸ್ಕಾಂ ಆಯಿತು. ಅಪ್ಪನ ಬಾಯಲ್ಲಿ ಅದು ಇಂದಿಗೂ ಕೆ.ಇ.ಬಿ. ಕೆನಡಾಕ್ಕೆ ಬರುವಾಗ ಅಮ್ಮ ಹಪ್ಪಳ ಮಿಡಿ ಉಪ್ಪಿನಕಾಯಿ ತುಂಬಿಕೊಂಡರೆ, ಅಪ್ಪ ತಮ್ಮ ಟೆಸ್ಟರನ್ನು ಪಂಚೆಯೊಳಗೆ ಸುತ್ತಿ ತಂದಿದ್ದರು. ಅವರ ಮೊದಲ ಅನುಮಾನ ಇಲ್ಲಿಯ ಕರೆಂಟಿನ ಮೇಲೇ. "ಬರೀ 120 ವೋಲ್ಟ್. ನಮ್ಮದರ ಅರ್ಧ, ಅಷ್ಟೇ. ದಮ್ಮೇ ಇಲ್ಲದ ಕರೆಂಟು." ಊರಿನ ಮಿಕ್ಸಿಗೆಂದು ಇಟ್ಟುಕೊಂಡಿರುವ ವೋಲ್ಟೇಜ್ ಏರಿಸುವ ಭಾರದ ಡಬ್ಬಿಯನ್ನು ಅಡುಗೆಮನೆಯಿಂದ ಹೊತ್ತು ತರಲು ಆಗಲೇ ಎದ್ದಿದ್ದರು. ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ '100–240' ಎಂದು ಬರೆದಿರುವುದನ್ನು ಅಳಿಯ ತೋರಿಸಿದ ಮೇಲೆ "ಓಹೋ, ಇದು ನಾಲ್ಕೂರ ನೀರು ಕುಡಿದದ್ದು" ಎಂದು ಕೂತರು.

ಶನಿವಾರ ಸಂಜೆ ಎಳ್ಳುಬೆಲ್ಲಕ್ಕೆಂದು ಸ್ನೇಹಿತರ ಸಂಸಾರಗಳು ಬಂದವು. ಹೆಂಗಸರು ಮೇಲೆ ಉಳಿದರು. ಗಂಡಸರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಇಳಿದರು. ಎಲ್ಲರೂ ಸಾಫ್ಟ್‌ವೇರಿನವರೇ ಆದ್ದರಿಂದ, ಇದು ತಮ್ಮ ವಿಭಾಗದ್ದಲ್ಲ ಎಂದು ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಡೇಟಾಬೇಸಿನವರು ಹಾರ್ಡ್‌ವೇರ್ ಎಂದರು. ಹಾರ್ಡ್‌ವೇರ್ ಬಲ್ಲವರೊಬ್ಬರು ಇದ್ದರು, ಅವರು ಸಾಫ್ಟ್‌ವೇರ್ ಎಂದರು. ಟೆಸ್ಟಿಂಗಿನವರು ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿ, "ಪ್ರತಿಸಲವೂ ಹೀಗೇ ಆಗ್ತಿದೆ" ಎಂದು ಪರಮ ತೃಪ್ತಿಯಿಂದ ಘೋಷಿಸಿ ಎರಡನೇ ಸಲ ಬಡಿಸಿಕೊಳ್ಳಲು ಮೇಲೆ ಹೋದರು. ಪ್ರಾಜೆಕ್ಟ್ ಮ್ಯಾನೇಜರೊಬ್ಬರು ಕೈಯಲ್ಲಿ ಏನನ್ನೂ ಮುಟ್ಟದೆ, "ಹಾಗಾದ್ರೆ ಸೋಮವಾರಕ್ಕೆ ಆಗುತ್ತೆ ಅಂತ ಅತ್ತೆಗೆ ಹೇಳಿಬಿಡ್ಲಾ?" ಎಂದು ಕೇಳಿದರು. ಇನ್ನೊಬ್ಬರಿಗೆ ನೆನಪಾದದ್ದು 2012ರ ಕಥೆ: ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ, ಗ್ರಾಫಿಕ್ಸ್ ಚಿಪ್ ಮಾಡುವ ಕಂಪನಿಯೊಂದು ಸಹಕರಿಸುವುದಿಲ್ಲವೆಂದು ರೇಗಿ, ಕ್ಯಾಮರಾದತ್ತ ಮಧ್ಯದ ಬೆರಳನ್ನೇ ಎತ್ತಿದ್ದರಂತೆ. ಅದನ್ನು ಅವರು ಅಭಿನಯಸಮೇತ ತೋರಿಸುವ ಹೊತ್ತಿಗೆ ಸರಿಯಾಗಿ ಅಮ್ಮ ಮಜ್ಜಿಗೆ ತಂದರು. "ಒಂದು ಲೋಟ ಸಾಕಾ ನಿಮಗೆ?" ಎಂದು ಕೇಳಿ ಒಂದೇ ಲೋಟ ಇಟ್ಟು ಹೋದರು.

ಭಾನುವಾರ ಸ್ನಾನ, ಸಂಧ್ಯಾವಂದನೆ ಮುಗಿಸಿ ಅಪ್ಪ ಬೇಸ್‌ಮೆಂಟಿಗೆ ಬಂದರು. ಕಿವಿಗೆ ಮಫ್ಲರ್, ಕೈಯಲ್ಲಿ ದಿನಚರಿ ಪುಸ್ತಕ.

"ಅಳಿಯಂದ್ರೇ, ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲಾದಾಗ ನಾವು ಮೊದಲು ಏನು ಮಾಡ್ತಿದ್ವಿ ಗೊತ್ತಾ? ನಡೀತಿದ್ವಿ. ತಂತಿ ಹಿಡಿದು ಕಂಬ ಕಂಬ ನೋಡ್ಕೊಂಡು. ಎಲ್ಲಿ ಅಡಿಕೆ ಸೋಗೆ ಬಿದ್ದಿದೆ, ಎಲ್ಲಿ ಜಂಪ್ ಕಟ್ಟಾಗಿದೆ ಅಂತ. ಆಫೀಸಲ್ಲಿ ಕೂತು ಚರ್ಚೆ ಮಾಡಿದ್ರೆ ಕರೆಂಟ್ ಬರಲ್ಲ."

ಇವರ ಆಫೀಸಿನ ಲ್ಯಾಪ್‌ಟಾಪನ್ನು ತರಿಸಿ, ಅದೇ ಕೇಬಲ್ಲಿನಿಂದ ಅದೇ ಮಾನಿಟರಿಗೆ ಸೇರಿಸಿದರು. ಚಿತ್ರ ಬಂತು. ಅಷ್ಟೇ. ಹಿಂದಿನ ಸಂಜೆ ಬೇಸ್‌ಮೆಂಟಿನಲ್ಲಿ ಸೇರಿದ್ದ ಅಷ್ಟೂ ಮಂದಿಯ ಒಟ್ಟು ಅನುಭವವನ್ನು ಕೂಡಿದರೆ ಒಂದು ಶತಮಾನ ಮೀರುತ್ತದೆ, ಯಾರಿಗೂ ಇದು ತೋಚಿರಲಿಲ್ಲ. "ಮಾನಿಟರ್ ಸರಿ, ಕೇಬಲ್ ಸರಿ" ಎಂದು ಅಪ್ಪ ದಿನಚರಿಯಲ್ಲಿ ಬರೆದುಕೊಂಡು, "ಇನ್ನು ಕಂಬದ ಮಾತು ಬಿಡಿ. ಈ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಎಷ್ಟಿವೆ?" ಎಂದರು.

ಅವರು ಕೇಳಿದ್ದು ಚಿತ್ರ ತಯಾರಿಸುವ ಚಿಪ್ಪುಗಳನ್ನು. ನಮ್ಮ ಲ್ಯಾಪ್‌ಟಾಪಿನಲ್ಲಿ ಅಂಥವು ಎರಡಿವೆ. ಒಂದು ಪ್ರೊಸೆಸರಿನೊಳಗೇ ಇದ್ದು ಬ್ಯಾಟರಿ ಉಳಿಸಿಕೊಂಡು ಸಾಧಾರಣ ಕೆಲಸ ನೋಡಿಕೊಳ್ಳುವಂಥದ್ದು. ಇನ್ನೊಂದು ಬೇರೆಯಾಗಿ ಕೂರಿಸಿದ, ಆಟಗಳಿಗೆಂದು ಹೇಳಿ ಹೆಚ್ಚು ದುಡ್ಡು ಕೀಳುವಂಥದ್ದು.

"ಈ ಸಣ್ಣ ಪರದೆಗೆ ಸಪ್ಲೈ ಯಾವುದರಿಂದ?"

"ಒಳಗಿನ ಚಿಪ್ಪಿನಿಂದ ಮಾವ."

"ಆ ಎಚ್‌ಡಿಎಂಐ ಕಿಂಡಿಗೆ?"

ನಮ್ಮ ಮನೆಯವರು ಬಾಯಿ ತೆರೆದವರು ಹಾಗೇ ಇದ್ದರು. ಆಮೇಲೆ ಕರಿ ಪರದೆಯೊಂದನ್ನು ತೆರೆದು ಟಕಟಕನೆ ಏನೋ ಬರೆದರು. ಕೇಬಲ್ ಸಿಕ್ಕಿಸದಿದ್ದರೂ ಕಿಂಡಿಯ ಹೆಸರು ಪಟ್ಟಿಯಲ್ಲಿ ಇದ್ದು, ಪಕ್ಕದಲ್ಲಿ 'ಸಂಪರ್ಕವಿಲ್ಲ' ಎಂದಾದರೂ ತೋರಿಸಬೇಕಂತೆ. ಇಲ್ಲಿ ಪಟ್ಟಿಯಲ್ಲಿ ಇದ್ದದ್ದು ಲ್ಯಾಪ್‌ಟಾಪಿನ ಸ್ವಂತ ಪರದೆ ಒಂದೇ. ಎಚ್‌ಡಿಎಂಐ ಎಂಬ ಹೆಸರೇ ಇಲ್ಲ.

"ಅಂದ್ರೆ ಬಿಲ್ಲು ಬಾಕಿ ಅಂತ ಕಟ್ ಮಾಡಿದ್ದಲ್ಲ," ಎಂದರು ಅಪ್ಪ, "ಆ ಮನೆಗೆ ಆರ್.ಆರ್. ನಂಬರೇ ಇಲ್ಲ. ನಿಮ್ಮ ಎರಡನೇ ಟ್ರಾನ್ಸ್‌ಫಾರ್ಮರ್ ಚಾರ್ಜೇ ಆಗಿಲ್ಲ, ನೋಡಿ."

ಆಗಿರಲಿಲ್ಲ. ಲ್ಯಾಪ್‌ಟಾಪು ತಯಾರಿಸಿದವರು ಹೊರಗಿನ ಕಿಂಡಿಯ ತಂತಿಯನ್ನು ಎರಡನೇ ಚಿಪ್ಪಿಗೇ ಕಟ್ಟಿದ್ದರು. ಆ ಚಿಪ್ಪು ಏಳದಿದ್ದರೆ ಕಿಂಡಿ ಬರೀ ತೂತು. ಎಬ್ಬಿಸಬೇಕಾದ ಡ್ರೈವರ್ ಎಂಬ ಪ್ರೋಗ್ರಾಮು ಏಕೆ ಮಲಗಿದೆ ಎಂದು ದಾಖಲೆ ಕೆದಕಿದಾಗ ತಿಳಿಯಿತು, ಅದರ ಸಹಿ ಮಾನ್ಯವಾಗಿರಲಿಲ್ಲ. ಸೆಕ್ಯೂರ್ ಬೂಟ್ ಎಂಬ ಕಾವಲು ಇರುವ ಯಂತ್ರದಲ್ಲಿ, ನಂಬಿಕೆಯ ಸಹಿ ಇಲ್ಲದ ಡ್ರೈವರಿಗೆ ಒಳಗೆ ಪ್ರವೇಶವಿಲ್ಲ. ಅಪ್‌ಗ್ರೇಡಿನಲ್ಲಿ ಲಿನಕ್ಸಿನ ತಿರುಳು ಬದಲಾಯಿತು. ಹೊಸ ತಿರುಳಿಗೆ ತಕ್ಕ ಡ್ರೈವರನ್ನು ಲ್ಯಾಪ್‌ಟಾಪು ತಾನೇ ಕಟ್ಟಿಕೊಂಡಿತು, ತಾನೇ ಸಹಿಯನ್ನೂ ಹಾಕಿತು. ಈ ಸಹಿ ನನ್ನದೇ ಎಂದು ಮಾಲೀಕನಾದವನು ಯಂತ್ರ ಏಳುವ ಹೊತ್ತಿಗೆ ಖುದ್ದು ಕೂತು, ಒಂದು ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟು ಒಪ್ಪಿಕೊಳ್ಳಬೇಕು. ಕಳ್ಳ ಪ್ರೋಗ್ರಾಮುಗಳು ಒಳಗೊಳಗೇ ಹೌದು ಅಂದುಬಿಡಬಾರದೆಂದು ಈ ವ್ಯವಸ್ಥೆ. ಅಪ್ಪನಿಗೆ ಇದು ಬಹಳ ಹಿಡಿಸಿತು. "ಸರಿಯಾಗೇ ಇದೆ. ಸಹಿ ಇಲ್ಲದೆ ಲೈನ್ ಚಾರ್ಜ್ ಮಾಡಿದವನು ನಮ್ಮಲ್ಲೂ ಸಸ್ಪೆಂಡ್ ಆಗ್ತಿದ್ದ."

"ಆದ್ರೆ ಮಾವ, ಅಂಥ ನೀಲಿ ಪರದೆ ಬರಲೇ ಇಲ್ವಲ್ಲ!"

"ಬಂತಲ್ಲ," ಎಂದರು ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಮ್ಮ.

ಎಲ್ಲರೂ ತಿರುಗಿದೆವು.

"ಗುರುವಾರ ರಾತ್ರಿ. ನಾನು ಇಲ್ಲೇ ಬಟ್ಟೆ ಮಡಿಸ್ತಿದ್ದೆ. ನೀಲಿ ಬಣ್ಣದಲ್ಲಿ ಇಂಗ್ಲಿಷಲ್ಲಿ ಏನೋ ಬಂತು. ಹತ್ತರಿಂದ ಕೆಳಗೆ ಎಣಿಸ್ತು. ಯಾರೂ ಮಾತಾಡಿಸ್ಲಿಲ್ಲ ಅಂತ ಹೋಯ್ತು."

"ಅತ್ತೆ, ಯಾವುದಾದ್ರೂ ಒಂದು ಕೀ ಒತ್ತಿದ್ದಿದ್ರೆ ಸಾಕಿತ್ತಲ್ಲ!"

"ಏನೂ ಮುಟ್ಟಬೇಡಿ ಅಂದವರು ಯಾರು?"

"ಹೋಗಲಿ, ಮೂರು ದಿನದಿಂದ ಇಷ್ಟು ಜನ ತಲೆ ಕೆಡಿಸ್ಕೊಳ್ತಿದೀವಲ್ಲ, ಹೇಳಬಹುದಿತ್ತಲ್ಲ?"

"ನೀವೆಲ್ಲ ಇಂಗ್ಲಿಷಲ್ಲೇ ತಲೆ ಕೆಡಿಸ್ಕೊಳ್ತಿದ್ರಿ. ನಡುವೆ ನಾನ್ಯಾಕೆ ಬರಲಿ?"

ಮಗಳಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಮಾತ್ರ ನಗಲಿಲ್ಲ. ಲೈನ್ ಬಿದ್ದ ಊರಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಕಟ್ಟೆಯ ಮೇಲೆ ಕೂತ ಅಜ್ಜಿಯನ್ನೇ, ಸದ್ದು ಕೇಳಿದ್ದು ಅವಳೊಬ್ಬಳೇ ಆಗಿರುತ್ತದೆ ಎಂದು ಕೆ.ಇ.ಬಿ.ಯ ಹಳೆಯ ಪಾಠವನ್ನು ಮೊಮ್ಮಗಳಿಗೆ ಹೇಳಿ, ಮೂವತ್ತು ಚಿಲ್ಲರೆ ವರ್ಷ ಅದೇ ಕೆಲಸ ಮಾಡಿಯೂ ಸ್ವಂತ ಹೆಂಡತಿಯನ್ನು ವಿಚಾರಿಸಲು ಹೊಳೆಯದ ಬಗ್ಗೆ ಒಂದಕ್ಷರವನ್ನೂ ಆಡಲಿಲ್ಲ.

ಮುಂದಿನದು ಸಲೀಸು. ಸಹಿಯ ನೋಂದಣಿಗೆ ಇವರು ಮತ್ತೆ ಅರ್ಜಿ ಹಾಕಿ ಹೊಸ ಪಾಸ್‌ವರ್ಡ್ ಇಟ್ಟರು. ರೀಸ್ಟಾರ್ಟ್ ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಅಪ್ಪ ಕೈ ಅಡ್ಡ ಹಿಡಿದರು. "ಎಲ್.ಸಿ. ತಗೊಂಡಿದೀರಾ?" ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಬೇಕು, ಹತ್ತಿದವನು ಇಳಿದು ಅದನ್ನು ವಾಪಸು ಕೊಡುವವರೆಗೆ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಈ ಲೈನಿನ ಗ್ರಾಹಕಿಯೂ ಘಟನೆಯ ಏಕೈಕ ಸಾಕ್ಷಿಯೂ ಆದ ಅಮ್ಮನೇ ಇನ್ನು ಮುಂದೆ ಎಲ್.ಸಿ. ಕೊಡುವ ಅಧಿಕಾರಿ ಎಂದು ಅಲ್ಲೇ ತೀರ್ಮಾನವಾಯಿತು. ಅಮ್ಮ ಸೊಪ್ಪಿನ ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಎದುರು ಕೂತು "ಮಾಡಿ" ಎಂದರು. ನೀಲಿ ಪರದೆ ಬಂತು. "ಇದೇ! ಇದೇ!" ಎಂದು ಅಮ್ಮ ಕೂಗಿದ ರಭಸಕ್ಕೆ ಇವರ ಬೆರಳು ತಾನಾಗಿ ಕೀಲಿಯ ಮೇಲೆ ಬಿತ್ತು. ಎನ್‌ರೋಲ್, ಕಂಟಿನ್ಯೂ, ಯೆಸ್, ಟೈಪ್ ಮಾಡಿದ್ದು ಕಾಣಿಸದ ಪಾಸ್‌ವರ್ಡು, ಮತ್ತೆ ರೀಬೂಟ್. ಮಾನಿಟರ್ ಕಣ್ಣು ಬಿಟ್ಟಿತು.

ಧ್ವನಿ ಮಾತ್ರ ಇನ್ನೂ ಲ್ಯಾಪ್‌ಟಾಪಿನಿಂದಲೇ ಕೀಚಲಾಗಿ ಬರುತ್ತಿತ್ತು. "ಲೈಟ್ ಬಂತು, ಪಂಪ್‌ಸೆಟ್ಟಿಗೆ ಬಂದಿಲ್ಲ" ಎಂದರು ಅಪ್ಪ. ಸೆಟ್ಟಿಂಗಿನಲ್ಲಿ ಧ್ವನಿಯ ದಾರಿಯನ್ನು ಎಚ್‌ಡಿಎಂಐ ಕಡೆಗೆ ತಿರುಗಿಸಿದ್ದು ನಮ್ಮ ಮಗಳು, ಯಾರನ್ನೂ ಕೇಳದೆ.

ಈಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಇನ್ನೊಂದು ಅಪ್‌ಡೇಟ್ ಬಂದು ಕೂತಿದೆ. ಭದ್ರತೆಯದ್ದಂತೆ, ಬೇಗ ಹಾಕಿದರೆ ಒಳ್ಳೆಯದಂತೆ. ನಮ್ಮ ಮನೆಯವರು ಕಾಫಿ ಲೋಟವನ್ನು ತಾವೇ ತಂದಿಟ್ಟು, ಕೈಕಟ್ಟಿ ನಿಂತು ಕೇಳಿದರು. "ಅತ್ತೆ, ಒಂದರ್ಧ ಗಂಟೆ ಎಲ್.ಸಿ. ಸಿಗಬಹುದಾ?"

"ಈ ವಾರ ಆಗಲ್ಲ. ಮದುವೆ ಮಂಟಪದವರೆಗೆ ಬಂದಿದೆ, ಶುಕ್ರವಾರ ಮಹಾಸಂಚಿಕೆ."

"ಮುಂದಿನ ವಾರ?"

"ತಾಳಿ ಬೀಳುತ್ತೋ ಇಲ್ವೋ ನೋಡೋಣ. ಆಮೇಲೆ ಅರ್ಜಿ ಕೊಡಿ."

ಅಪ್ಪ ದಿನಚರಿ ತೆಗೆದು ತಾರೀಖು ಹಾಕಿದರು.