ಬದುಕಿದ್ದೀರಾ, ಮಾಮಾ?

ಕಾರವಾರದ ಬಳಿಯ ದೇವಬಾಗದ ಸೈಬರ್ ಅಂಗಡಿ. ನವೆಂಬರ್ ತಿಂಗಳು, ಪಿಂಚಣಿದಾರರು ತಾವಿನ್ನೂ ಸತ್ತಿಲ್ಲವೆಂದು ಸರಕಾರಕ್ಕೆ ತೋರಿಸುವ ಕಾಲ.

"ಬೆರಳೊತ್ತಿ ಮಾಮಾ. ಛೆ, ಯಂತ್ರ ಒಪ್ಪೂದಿಲ್ಲ."

"ಬಲೆ ಎಳೆದೆಳೆದು ಗೆರೆ ಸವೆದಿದೆ ಮಾರಾಯಾ. ಉಸಿರಾಡಿ ತೋರಿಸ್ಲಾ?" ಎಂದರು ನಿವೃತ್ತ ಹವಾಲ್ದಾರರು.

"ಉಸಿರು ಅಪ್‌ಲೋಡ್ ಆಗೂದಿಲ್ಲ. ಇರಲಿ, ಸೈನಿಕರ ‘ಸಮಾನ ಹುದ್ದೆ, ಸಮಾನ ಪಿಂಚಣಿ’ ಬಂತಾ?"

"ಬಂತಪ್ಪಾ, ಸುಳ್ಳು ಹೇಳಬಾರದು. ಆದೇಶ 2015ರಲ್ಲಿ, ಲೆಕ್ಕ 2014ರಿಂದ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂದ್ರು. 2019ರದ್ದಕ್ಕೆ ಸಂಪುಟ ಒಪ್ಪಿದ್ದು 2022ರ ಡಿಸೆಂಬರಿಗೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಬಾಕಿ ಕಂತಿನಲ್ಲಿ."

1948ರಲ್ಲಿ ರಾಜೌರಿ ದಾರಿಯ ಮೈನು ಕಿತ್ತು ಪರಮವೀರ ಚಕ್ರ ಪಡೆದ ಇಲ್ಲಿನವರೇ ಆದ ಇನ್ನೊಬ್ಬ ಸೈನಿಕ, ಚೆಂಡಿಯಾದ ರಾಮಾ ರಾಘೋಬಾ ರಾಣೆಯವರ ಪ್ರತಿಮೆ ಕಾರವಾರದ ಕಡಲತೀರದಲ್ಲಿದೆ. ಪ್ರತಿಮೆಗೆ ಬೆರಳೊತ್ತುವ ಕಷ್ಟವಿಲ್ಲ; ಹಾರವೂ ತಾನಾಗಿ ಬರುತ್ತದೆ.

"ಮೊಬೈಲಿಗೆ ಮುಖ ತೋರಿಸಿ... ಹಾಂ, ಬದುಕಿದ್ದೀರಿ! ಐವತ್ತು ರೂಪಾಯಿ."

"ಸತ್ತವರಿಗೆ ಎಷ್ಟು?"

"ಅವರ ಹೆಂಡತಿ ಬರಬೇಕು ಮಾಮಾ. ಅವರಿಗೂ ಐವತ್ತೇ."