ಅಡಿಗಲ್ಲು ಶಾಸನಗಳು: ಒಂದು ಕ್ಷೇತ್ರಕಾರ್ಯ

ಶಾಸನವೆಂದರೆ ಕಾಯಿದೆಯೂ ಹೌದು, ಕಲ್ಬರಹವೂ ಹೌದು. ಶಾಸಕನೆಂದರೆ ಕಾಯಿದೆ ಮಾಡುವವನು ಎಂಬುದು ಸಂವಿಧಾನ ಪಂಡಿತರ ಮತ. ಆದರೆ ಒಂದು ಹಳ್ಳಿಗಾಡಿನ ಕ್ಷೇತ್ರವನ್ನು ಕಾಲು ಸೋಲುವಷ್ಟು ಸುತ್ತಿದ ನಮಗೆ ಸಿಕ್ಕ ಆಕರಗಳೆಲ್ಲ ಕಲ್ಲುಗಳೇ. ಆದ್ದರಿಂದ ಕಲ್ಲು ಹಾಕುವವನೇ ಶಾಸಕ ಎಂದು ಇಲ್ಲಿ ಪ್ರತಿಪಾದಿಸಲಾಗಿದೆ. (ಆ ನುಡಿಗಟ್ಟಿನ ಇನ್ನೊಂದು ಅರ್ಥ ವಿರೋಧ ಪಕ್ಷದ ಅಧ್ಯಯನಕ್ಕೆ ಸೇರಿದ್ದು.)

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ನಮ್ಮೂರ ಬಸ್ ತಂಗುದಾಣದ ಶಾಸನದಲ್ಲಿ 22. ತಂಗುದಾಣದ ಪ್ರಸ್ತಾಪ ಅದರಲ್ಲಿ ಒಂದೇ ಸಾಲು. ಮಿಕ್ಕದ್ದೆಲ್ಲ ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಅಧ್ಯಕ್ಷತೆ ಮುಂತಾದ ಬಿರುದಾವಳಿ. ಕಾಲನಿರ್ಣಯಕ್ಕೆ ಅಕ್ಷರದ ಗಾತ್ರವೇ ಆಧಾರ. ಮೊದಲ ಅವಧಿಯಲ್ಲಿ ಶಾಸಕರ ಹೆಸರು ಉಸ್ತುವಾರಿ ಸಚಿವರ ಕೆಳಗೆ ಸಾಸಿವೆಯಷ್ಟು. ನಿಗಮ ಮಂಡಳಿ ದಕ್ಕಿದ ವರ್ಷ ಅದು ಕಡಲೆಯಷ್ಟಾಗುತ್ತದೆ. ಹೆಸರೇ ಬಿಟ್ಟುಹೋದ ಕಲ್ಲು ಮಾತ್ರ ಬಲು ಅಪರೂಪದ್ದು, ಅದಕ್ಕೆ ವಿಧಾನಸಭೆಯೇ ಭಾಷ್ಯ ಬರೆಯುತ್ತದೆ: ಶಿಷ್ಟಾಚಾರ ಉಲ್ಲಂಘನೆ, ಹಕ್ಕುಚ್ಯುತಿ, ಬಾವಿಗಿಳಿದು ಧರಣಿ. ಮಸೂದೆಗಳನ್ನು ಗದ್ದಲದ ನಡುವೆ ಧ್ವನಿಮತದಲ್ಲಿ ದಾಟಿಸಿಬಿಡುವ ಸದನ ಕಲ್ಲಿನ ವಿಷಯದಲ್ಲಿ ಹಾಗೆಲ್ಲ ಅವಸರಪಡುವುದಿಲ್ಲ.

ಶಿಲಾಯುಗಕ್ಕೆ ಮೊದಲು ಫ್ಲೆಕ್ಸ್ ಯುಗವಿತ್ತು. ಹಾಲಿನ ಸೊಸೈಟಿ, ಎಪಿಎಂಸಿ, ತಾಲ್ಲೂಕು ಪಂಚಾಯಿತಿ ಇವು ಆ ಕಾಲದ ನೆಲೆಗಳು. ಶಾಸಕನಾಗಲು ಸಂವಿಧಾನ ಕೇಳುವುದು 25 ವರ್ಷ ವಯಸ್ಸು. ಪಕ್ಷದ ಕಚೇರಿ ಕೇಳುವುದೇನೆಂದು ನಮಗೆ ಮಾಹಿತಿ ಕೊಟ್ಟವರು ಕೈಸನ್ನೆಯಲ್ಲೇ ತಿಳಿಸಿದರು. ಚುನಾವಣೆ ವೆಚ್ಚಕ್ಕೆ 40 ಲಕ್ಷ ರೂಪಾಯಿ ಮಿತಿಯುಂಟು. ಅದರೊಳಗೆ ಲೆಕ್ಕ ಕೂರಿಸುವುದು ಗಣಿತಜ್ಞರ ಕೆಲಸ, ನಮ್ಮದಲ್ಲ.

ಗೆದ್ದ ಮೇಲೆ ದಾನಶಾಸನಗಳ ಕಾಲ. ಬಗರ್‌ಹುಕುಂ ಸಮಿತಿಯ ಅಧ್ಯಕ್ಷರಾಗಿ ಶಾಸಕರು ಭೂದಾನ ನಡೆಸುತ್ತಾರೆ. ವರ್ಷಕ್ಕೆ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಸಮುದಾಯ ಭವನ, ಹೈಮಾಸ್ಟ್ ದೀಪ ಕರುಣಿಸುತ್ತಾರೆ. ಮೇಷ್ಟರ ವರ್ಗಾವಣೆಗೆ ಲೆಟರ್‌ಹೆಡ್ ಎಂಬ ತಾಮ್ರಪಟ ಹೊರಡುತ್ತದೆ. ಇಷ್ಟಾದರೂ ಮತ ನಿಂತಿರುವುದು ಬೇರೆ ಕಡೆ. ಒಂದು ಭಾನುವಾರ ನಾವು ಅವರ ಕಾರಿನ ಹಿಂದೆ ಹೊರಟೆವು: ಐದು ಮುಹೂರ್ತ, ಎರಡು ನಾಮಕರಣ, ಒಂದು ಬೀಗರೂಟ, ಮೂರು ತಿಥಿ. ಎಲ್ಲ ಕಡೆಯೂ ಎಲೆ ಮುಂದೆ ಕೂತರು, ಎಲ್ಲ ಕಡೆಯೂ ಪಾಯಸ ಮುಟ್ಟಿದರು. ಅವರಿಗೆ ಸಕ್ಕರೆ ಕಾಯಿಲೆ. "ಅಸೆಂಬ್ಲೀಲಿ ಮಾತಾಡ್ಲಿಲ್ಲ ಅಂತ ಯಾರ್ ಕೇಳ್ತಾರೆ ಬಿಡಿ. ನಮ್ಮಪ್ಪನ ತಿಥೀಗ್ ಬರ್ಲಿಲ್ಲ ಹಿಂದಿನೋನು, ಅದ್ಕೇ ಮನೇಗ್ ಕಳ್ಸಿದ್ವಿ" ಎಂದು ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವರು ಹಪ್ಪಳ ಮುರಿಯುತ್ತ ಹೇಳಿದರು. ಸಂಶೋಧಕನೂ ಅಂದು ಎರಡು ಸಲ ಊಟ ಮಾಡಿದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಳೆಯ ವೀರಗಲ್ಲುಗಳಲ್ಲಿ ತುರುಗೋಳಿನ ಕಥೆ ಬರುತ್ತದೆ: ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋಗುವುದು, ಬಿಡಿಸಲು ಹೋದವನು ಮಡಿಯುವುದು. ಈಗ ದೊಡ್ಡಿಗೆ ರೆಸಾರ್ಟ್ ಎನ್ನುತ್ತಾರೆ. 1985ರ ಪಕ್ಷಾಂತರ ನಿಷೇಧ ಕಾಯಿದೆ ಬೇಲಿ ಹಾಕಿತು, ರಾಜೀನಾಮೆಯ ತಡಿಕೆ ಬಾಗಿಲು ತೆರೆದೇ ಇತ್ತು. 2019ರಲ್ಲಿ ರಾಜ್ಯದಲ್ಲಿ ಅನರ್ಹರಾದ ಶಾಸಕರು 17 ಮಂದಿ. ಉಪಚುನಾವಣೆಗೆ ನಿಲ್ಲಲು ಸುಪ್ರೀಂ ಕೋರ್ಟ್ ಅಡ್ಡಿ ಮಾಡಲಿಲ್ಲ, ಬಹುಪಾಲು ಜನ ಗೆದ್ದು ಹಟ್ಟಿಗೆ ಮರಳಿದರು. ಈ ತುರುಗೋಳಿನಲ್ಲಿ ಮಡಿದದ್ದು ಒಂದು ಸರ್ಕಾರ ಮಾತ್ರ. ಅದಕ್ಕೆ ವೀರಗಲ್ಲು ಯಾರೂ ನಿಲ್ಲಿಸಲಿಲ್ಲ.

ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಗೆದ್ದು ಬಂದ ಶಾಂತವೇರಿ ಗೋಪಾಲಗೌಡರು ಸದನದಲ್ಲಿ ಭೂಮಿಯ ಬಗ್ಗೆ ಮಾತಾಡಿದ್ದು ನಡಾವಳಿಯ ಪುಸ್ತಕಗಳಲ್ಲಿದೆ. ಕಾಗದದ ಮೇಲಿನ ಆ ಆಕರವನ್ನು ಈ ಪ್ರಬಂಧದ ವ್ಯಾಪ್ತಿಯಿಂದ ಕೈಬಿಡಲಾಗಿದೆ. ಸಿದ್ಧಾಂತಕ್ಕೆ ತೊಂದರೆ.

ಪ್ರಾಚೀನ ಶಾಸನಗಳ ಕೊನೆಗೆ ಶಾಪವಿರುತ್ತದೆ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಅಡಿಗಲ್ಲಿಗೆ ಆ ಭದ್ರತೆಯಿಲ್ಲ. ಹೊಸಬರು ಗೆದ್ದ ತಿಂಗಳಲ್ಲೇ ಹಳಬರು ಅಡಿಗಲ್ಲು ಹಾಕಿದ್ದ ರಸ್ತೆಗೇ ಮತ್ತೆ ಗುದ್ದಲಿ ಪೂಜೆಯಾಯಿತು, ಹಳೆಯ ಕಲ್ಲು ಕಾಣೆಯಾಯಿತು. ಹುಡುಕುತ್ತ ಹೋದರೆ ಕೆರೆ ಕೋಡಿಯಲ್ಲಿ ಸಿಕ್ಕಿತು. ಅಜ್ಜಿಯೊಬ್ಬರು ಅದರ ಮೇಲೆ ಕಂಬಳಿ ಒಗೆಯುತ್ತಿದ್ದರು. ಮಗುಚಿ ಹಾಕಿಕೊಂಡರೆ ನುಣುಪಲ್ಲವೇ ಎಂದು ಕೇಳಿದೆವು.

"ಬ್ಯಾಡ ಕಣಪ್ಪ, ಹೆಸ್ರು ಕೊರೆದಿರೋ ಕಡೇನೇ ಕೊಳೆ ಚೆನ್ನಾಗ್ ಬಿಡ್ತದೆ" ಎಂದರು.